ಬಾಲವಿಲ್ಲದ ಚಂದ್ರಿ

ನಿನ್ನೆ ಟ್ರಂಕಿನ ತಳ ಝಾಡಿಸುವಾಗ ನನ್ನ ಹಳೆಯ ಕುಬಸವೊಂದು ಸಿಕ್ಕಿತು. ಇಳಕಲ್ ಸೀರೆಗಳ ಅಡಿಗೆ ಬಿದ್ದು, ನುಸಿಗುಳಿಗೆಯ ವಾಸನೆ ಕುಡಿದು, ಮಡಿಕೆ ಮಡಿಕೆಗೂ ಸೀಳಿತ್ತು. ಮೊಮ್ಮಗಳು ಅದನ್ನು ಎತ್ತಿ ಹಿಡಿದು, “ಅಜ್ಜೀ, ಇದೇನ ಇದು, ಕುಬಸಕ್ಕ ಮುಂಗೈತನಕಾ ತೋಳು! ಆವಾಗ ಇಂಥಾ ಫ್ಯಾಶನ್ ಇತ್ತೇನ?” ಅಂದಳು.

ಇತ್ತವ್ವಾ, ಇತ್ತು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಕೆಲವು ವರ್ಷ ಇತ್ತು. ಕೆಳಗೆ ಮೆಣಸಿನಕಾಯಿಯ ಘಾಟು, ಮೇಲೆ ಬಿಸಿಲು. ಅದರಲ್ಲಿ ಮುಂಗೈತನಕ ತೋಳು ತೊಟ್ಟು ಬೆವರುವ ಆ ಫ್ಯಾಶನ್ನನ್ನು ಓಣಿಗೆ ತಂದವಳು ನಾನು. ನನಗೆ ಅದನ್ನು ತಂದಿಟ್ಟದ್ದು ಒಂದು ಎಮ್ಮೆ.

ನಗಬೇಡ್ರಿ. ಎಡಗೈಯ ಮೊಣಕೈ ಕೆಳಗೆ ಆಕೆ ಈಗಲೂ ಇದ್ದಾಳೆ. ನೋಡಿದವರು ಏನೇನೋ ಅನ್ನುತ್ತಾರೆ. ಮೊನ್ನೆ ರಾಣೆಬೆನ್ನೂರಿನ ದವಾಖಾನೆಯಲ್ಲಿ ಸೂಜಿ ಮಾಡಲು ಬಂದ ನರ್ಸಬಾಯಿ, “ಆಮಿ ಭಾಳ ಚೊಲೊ ಐತ್ರಿ ಅಜ್ಜಿ” ಅಂದಳು. ಎದುರು ಮನೆಯ ಮಾಸ್ತರರು ಒಮ್ಮೆ ಬಹಳ ಗೌರವದಿಂದ, ಇದು ಭಾರತದ ನಕಾಶೆಯೇ ಎಂದು ಕೇಳಿದ್ದರು. ವಯಸ್ಸಾದಂತೆ ಹಚ್ಚೆಯ ಕಪ್ಪು ಹಸಿರಾಗುತ್ತದೆ, ತೊಗಲು ಜೋತು ಬೀಳುತ್ತದೆ. ಹೀಗಾಗಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಹಸಿರು ಎಮ್ಮೆಯೊಂದು ನನ್ನ ಕೈ ಮೇಲೆ ಮಲಗಿದೆ. ಹೆಸರು ಚಂದ್ರಿ. ಬಾಲ ಮಾತ್ರ ಇಲ್ಲ. ಬಾಲದ ಮಾತು ಆಮೇಲೆ.

ಎಮ್ಮೆಯ ವಿಷಯದಲ್ಲಿ ನಮ್ಮ ಮಂದಿಯ ನ್ಯಾಯ ನನಗೆ ಸಣ್ಣಂದಿನಿಂದ ಸೇರುವುದಿಲ್ಲ. ಪೂಜೆ ಆಕಳಿಗೆ, ಹಾಲು ಎಮ್ಮೆಯದು. ಕುಂಕುಮ ಅದರ ಹಣೆಗೆ, ಬೈಗಳು ಇದರ ಹೆಸರಿಗೆ. ಮಗ ಸಾಲೆ ಕಲಿಯದಿದ್ದರೆ ಕೋಣ, ಸೊಸೆ ಸಾವಕಾಶ ನಡೆದರೆ ಎಮ್ಮಿ. ಯಾರಿಗಾದರೂ ಮಾತು ತಾಗದಿದ್ದರೆ ಎಮ್ಮೆ ಮೇಲೆ ಮಳೆ ಸುರಿದಂಗ ಅನ್ನುತ್ತಾರಲ್ಲ, ಮಳೆ ಸುರಿದರೆ ಆಕಳೇನು ಛತ್ರಿ ಹಿಡಿಯುತ್ತದೆಯೇ? ಗಟ್ಟಿ ಮೊಸರು ಗಡದ್ದಾಗಿ ಉಂಡು, ಕೈ ತೊಳೆಯುವ ಮೊದಲೇ ಮೊಸರು ಕೊಟ್ಟವಳನ್ನು ಬೈಯುವ ಜಾತಿ ನಮ್ಮದು.

ನನ್ನ ತವರು ಮೇಡ್ಲೇರಿ, ತುಂಗಭದ್ರೆಯ ದಂಡೆ. ನಾನು ಹುಟ್ಟಿದಾಗ ಅವ್ವನಿಗೆ ಬಾಣಂತಿ ಜ್ವರ ಬಂದು ಎದೆಹಾಲು ಬತ್ತಿತು. ಅದೇ ಹೊತ್ತಿಗೆ ನಮ್ಮ ಕೊಟ್ಟಿಗೆಯ ಎಮ್ಮೆಯೂ ಈದಿತ್ತು. ಅದರ ಹಾಲಿಗೆ ನೀರು ಬೆರೆಸಿ ನನ್ನನ್ನು ಬೆಳೆಸಿದರು. ಆ ಎಮ್ಮೆಯ ಕರುವೇ ಚಂದ್ರಿ. ಮೈಯೆಲ್ಲ ಇದ್ದಲಿನಂಥ ಕಪ್ಪು, ಹಣೆ ಮೇಲೆ ಮಾತ್ರ ಬೆಳ್ಳನೆಯ ಚಂದ್ರ. ಅವಳ ಪಾಲಿನ ಹಾಲನ್ನು ನಾನು ಕುಡಿದೆ, ಅದಕ್ಕೆ ಅವಳು ಒಂದು ದಿನವೂ ತಕರಾರು ತೆಗೆಯಲಿಲ್ಲ. ಒಡಹುಟ್ಟಿದವರಲ್ಲಿ ಇಷ್ಟು ದೊಡ್ಡ ಮನಸ್ಸು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ.

ಬೇಸಿಗೆಯಲ್ಲಿ ಹೊಳೆಯ ಆಚೆ ದಂಡೆಯ ಉಸುಕಿನಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬುತ್ತಿತ್ತು. ಅಲ್ಲಿಗೆ ಹೋಗಲು ನಮಗೆ ಚಂದ್ರಿಯೇ ದೋಣಿ. ಆಕೆ ಮೊದಲು ಮೊಣಕಾಲೂರಿ ಕೂಡುವಳು, ನಾನು ಬೆನ್ನು ಹತ್ತುವೆ. ನೀರು ಆಳವಾದಲ್ಲಿ ಬೆನ್ನಿನಿಂದ ಜಾರಿ ಬಾಲ ಹಿಡಿಯಬೇಕು. ಬಾಲ ಹಿಡಿದರೆ ಮುಗಿಯಿತು, ಕಣ್ಣು ಮುಚ್ಚಿಕೊಂಡರೂ ಆಚೆ ದಂಡೆ. ಮೂಗನ್ನಷ್ಟೇ ಮೇಲಿಟ್ಟುಕೊಂಡು, ಬುಸ್ ಬುಸ್ ಎನ್ನುತ್ತ, ಯಾರ ಹಂಗೂ ಇಲ್ಲದೆ ಈಸುತ್ತಿದ್ದಳು. ಆಕಳೋ, ಮೊಣಕಾಲುಮಟ ನೀರಿಗಿಳಿದು ವಿಚಾರ ಮಾಡುತ್ತ ನಿಲ್ಲುತ್ತಿತ್ತು. ಚಂದ್ರಿ ತಾನು ಈದ ಮೇಲೂ ನಾನು ಎದುರಿಗೆ ನಿಂತು ಕೊರಳು ತುರಿಸಿದರೆ ಮಾತ್ರ ಹಿಂಡಗೊಡುತ್ತಿದ್ದಳು. ಅವ್ವ ತಂಬಿಗೆ ಹಿಡಿದು, “ಬಾರವಾ ದೊರೆಸಾನಿ, ನಿನ್ನ ತಂಗಿ ಕರಿಯಾಕತ್ತಾಳ” ಅಂತ ನನ್ನನ್ನು ಆಟದಿಂದ ಕರೆಯುತ್ತಿದ್ದಳು.

ನನಗೆ ಗಂಡು ನೋಡುವ ಮಾತು ಶುರುವಾಯಿತು. ಆಗ ಹಚ್ಚೆ ಇಲ್ಲದ ಹುಡುಗಿಯನ್ನು ಯಾರು ಕೇಳುತ್ತಿದ್ದರು? ಹಚ್ಚೆಯಿಲ್ಲದ ಕೈಯಿಂದ ಅತ್ತೆಯ ಮನೆಯವರು ನೀರು ಸಹ ಮುಟ್ಟುತ್ತಿರಲಿಲ್ಲ. ಊರೂರು ತಿರುಗಿ ಹಚ್ಚೆ ಚುಚ್ಚುವ ದುರಗವ್ವ ಬಂದಾಗ ಅವ್ವ ಅವಳನ್ನು ಕೊಟ್ಟಿಗೆಯ ನೆರಳಿಗೆ ಕೂಡಿಸಿ, “ಒಂದು ತುಳಸಿಕಟ್ಟಿ, ಒಂದು ಚೇಳು ಹಾಕು” ಎಂದು ಹೇಳಿ ಹೊಲಕ್ಕೆ ಬುತ್ತಿ ಒಯ್ದಳು. ದುರಗವ್ವ ದೀಪದ ಕಾಡಿಗೆಗೆ ಸೊಪ್ಪಿನ ರಸ ಹಿಂಡಿ ಕಲೆಸುತ್ತ, ಹೆದರಿದ ನನಗೆ ಧೈರ್ಯ ಹೇಳಿದಳು:

“ಬಂಗಾರ ಬಿಚ್ಚಕೊಂತಾರ, ಸೀರಿ ಬಿಚ್ಚಕೊಂತಾರ, ಹಚ್ಚಿ ಬಿಚ್ಚಕೊಳ್ಳಾಕ ಯಾರಪ್ಪನ ಕಡಿಂದನೂ ಆಗೂದಿಲ್ಲ ಮಗಳ. ಸತ್ತಾಗ ನಮ್ಮ ಜೋಡಿ ಬರೂದು ಇದೊಂದ.”

ಧೈರ್ಯವೇನೋ ಬಂತು, ಅದರ ಹಿಂದೆ ಬುದ್ಧಿಯೂ ಬಂತು. ಜೋಡಿ ಬರುವುದು ಇದೊಂದೇ ಆದರೆ ಚೇಳನ್ನು ಯಾಕೆ ಕರೆದುಕೊಂಡು ಹೋಗಲಿ? ಬದುಕಿರುವಾಗ ಕಂಡರೆ ಚಪ್ಪಲಿಯಿಂದ ಬಡಿಯುತ್ತೇವೆ, ಸತ್ತ ಮೇಲೆ ಅದರ ಸಂಗಡ ಸಂಸಾರವೇ?

“ಚೇಳು ಬ್ಯಾಡ. ನಮ್ಮ ಚಂದ್ರೀನ ಹಾಕು” ಅಂದೆ.

ದುರಗವ್ವನ ಕೈಯಲ್ಲಿದ್ದ ಸೂಜಿ ಕೆಳಗೆ ಬಿತ್ತು. “ಅಯ್ಯ ನನ ಶಿವನ! ಲಗ್ನ ಆಗೂ ಹುಡುಗಿ ಕೈಮ್ಯಾಲ ಯಮನ ವಾಹನ ಚುಚ್ಚಲೇನ? ನಿಮ್ಮವ್ವ ನನ್ನ ಬಡಿಗಿಲೆ ಬಡೀತಾಳ.”

ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತೆ. ಕಡೆಗೆ ದುರಗವ್ವ, “ಬಸವಣ್ಣನ್ನ ಹಾಕ್ತೇನಿ, ನೀ ಎಮ್ಮಿ ಅಂತ ತಿಳಕೊ” ಎಂದು ಒಡಂಬಡಿಕೆಗೆ ಬಂದಳು. ನಾನು ಬಿಡುವವಳೇ? ಬೆನ್ನ ಮೇಲೆ ಡುಬ್ಬ ಬೇಡ, ಕೋಡು ಹಿಂದಕ್ಕೆ ಬಾಗಿರಬೇಕು, ಮೈತುಂಬ ಕಪ್ಪು ತುಂಬಬೇಕು, ಹಣೆಯ ಮೇಲೆ ಚಂದ್ರನಷ್ಟು ಖಾಲಿ ಬಿಡಬೇಕು. ಮುಂದೆ ಚಂದ್ರಿಯನ್ನೇ ಕಟ್ಟಿದ್ದರಿಂದ ನೋಡಿ ಬರೆಯಲು ಅಡ್ಡಿಯಿರಲಿಲ್ಲ. ಆದರೆ ಚಂದ್ರಿ ಅಷ್ಟೂ ಹೊತ್ತು ನಮಗೆ ಹಿಂಭಾಗ ತೋರಿಸಿ ನಿಂತು, ನಡುವೊಮ್ಮೆ ತಿರುಗಿ ದುರಗವ್ವನ ಸೆರಗಿನ ಚುಂಗು ತಿಂದಳು.

ಮೈ ತುಂಬ ಕಪ್ಪು ತುಂಬುವುದೆಂದರೆ ಎಷ್ಟು ಚುಚ್ಚಬೇಕೆಂಬುದು ನನಗೆ ಗೊತ್ತಿರಲಿಲ್ಲ. ದುರಗವ್ವ ನೋವು ಮರೆಸಲು ಹಾಡುತ್ತಿದ್ದಳು, ನಾನು ಅವಳಿಗಿಂತ ದೊಡ್ಡ ದನಿಯಲ್ಲಿ ಒದರುತ್ತಿದ್ದೆ. ಹೊಟ್ಟೆ ಮುಗಿಯಿತು, ಕಾಲು ಮುಗಿದವು. ಇನ್ನು ಬಾಲ ಅನ್ನುವಷ್ಟರಲ್ಲಿ ಅವ್ವ ಬಂದಳು. ಬಂದವಳು ನನ್ನ ಕೈ ನೋಡಿ ಬುತ್ತಿಯ ಬುಟ್ಟಿ ಒಗೆದಳು. ದುರಗವ್ವ ಸೂಜಿ, ಕಾಡಿಗೆಬಟ್ಟಲು ಬಾಚಿಕೊಂಡು ಒಂದು ದಿಕ್ಕಿಗೆ, ನಾನು ಇಲ್ಲದ ಬಾಲ ಎತ್ತಿಕೊಂಡು ಇನ್ನೊಂದು ದಿಕ್ಕಿಗೆ.

ಮುಂದಿನದು ದೇವರ ಆಟ. ಬ್ಯಾಡಗಿಯಿಂದ ಹೆಣ್ಣು ನೋಡಲು ಬಂದರು, ಮೆಣಸಿನಕಾಯಿ ವ್ಯಾಪಾರದ ಮನೆ. ಗಂಡಿನ ತಾಯಿ, ಅಂದರೆ ಮುಂದೆ ನನಗೆ ಅತ್ತಿಯಾದವರು, ಹಚ್ಚೆ ನೋಡಲು ನನ್ನ ಕೈಯನ್ನು ಬೆಳಕಿಗೆ ಹಿಡಿದರು. ನನ್ನ ಅಪ್ಪ, ಜೀವಮಾನದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಗಂಟಲು ಸರಿಮಾಡಿಕೊಂಡು, “ಬಸವಣ್ಣರಿ” ಅಂದ.

ಅತ್ತಿಯವರಿಗೆ ಸಂಶಯ ಬರಲು ಜಾಗವೆಲ್ಲಿತ್ತು? ಗುಡಿಯ ಬಸವಣ್ಣ ಎಣ್ಣೆ ಕುಡಿದು ಕರ್ರಗೇ ಇರುತ್ತಾನೆ, ಇದೂ ಕರ್ರಗಿತ್ತು. ಹಣೆ ಮೇಲೆ ಬೆಳ್ಳಗೆ ಬಿಟ್ಟಿದ್ದ ಚಂದ್ರ ಅವರಿಗೆ ವಿಭೂತಿಯಾಗಿ ಕಂಡಿತು. “ಇಷ್ಟ ಸಣ್ಣ ಹುಡುಗಿ, ಎಂಥಾ ಭಕ್ತಿ ನೋಡ್ರಿ” ಎಂದು ನನ್ನ ಮುಂಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಲಗ್ನ ಅಲ್ಲೇ ಗಟ್ಟಿಯಾಯಿತು. ಗಂಡನ ಮನೆಗೆ ಕಳಿಸುವಾಗ ಎಲ್ಲ ತಾಯಂದಿರೂ ಅತ್ತೆಯ ಮಾತು ಕೇಳು, ನೆರೆಮನೆಯ ಮಾತು ಕೇಳಬೇಡ ಎಂದು ಬುದ್ಧಿ ಹೇಳುತ್ತಾರೆ. ನನ್ನವ್ವ ಹೇಳಿದ್ದು ಒಂದೇ ಮಾತು: “ಸತ್ತರೂ ಎಮ್ಮಿ ಅನಬ್ಯಾಡ. ತಿಳೀತಂದ್ರ ನಿನ್ನ ನಡಿಸೂದಿಲ್ಲ, ಅದನ್ನೂ ಉಳಸೂದಿಲ್ಲ.”

ಬ್ಯಾಡಗಿಗೆ ಹೋದ ಮೇಲೆ ತಿಳಿಯಿತು ಅವ್ವನ ಅಂಜಿಕೆ ಎಷ್ಟು ಖರೇ ಎಂದು. ನನ್ನ ಅತ್ತಿ ಹುಲಿಯಂಥ ಹೆಂಗಸು. ಅಡತಿ ಅಂಗಡಿಯ ದಲಾಲರು ಅವರ ದನಿ ಕೇಳಿದರೆ ತಕ್ಕಡಿ ನೆಟ್ಟಗೆ ಹಿಡಿಯುತ್ತಿದ್ದರು. ಅವರು ಅಂಜುತ್ತಿದ್ದುದು ಸಾವಿಗೊಂದೇ. ಓಣಿಯಲ್ಲಿ ಹೆಣ ಹೊರಟರೆ ಅಗಳಿ ಹಾಕಿ, ಕಿವಿಯಲ್ಲಿ ಸೆರಗು ತುರುಕಿಕೊಂಡು ಕೂಡುವರು. ಒಂಟಿ ಸೀನು ಕೇಳಿದರೆ ಹೊಸ್ತಿಲು ದಾಟುತ್ತಿರಲಿಲ್ಲ, ಇನ್ನೊಂದು ಸೀನಿಗಾಗಿ ಕಾಯುವರು. ಅದು ಬ್ಯಾಡಗಿ, ಬಹಳ ಹೊತ್ತು ಕಾಯಬೇಕಾಗುತ್ತಿರಲಿಲ್ಲ. ಗಂಡನ ಹೆಸರು ಹೇಗೆ ಹೇಳುತ್ತಿರಲಿಲ್ಲವೋ ಹಾಗೆಯೇ ಯಮನ ಹೆಸರನ್ನೂ ಹೇಳುತ್ತಿರಲಿಲ್ಲ. ಇಬ್ಬರಿಗೂ ‘ಅವರು’. “ಅವರು ಬರೂ ಹೊತ್ತಾತು” ಎಂದರೆ ಮಾವನವರಿಗೆ ತಾಟು ಹಾಕಬೇಕೋ, ಬಾಗಿಲು ಹಾಕಬೇಕೋ ಎಂದು ನಾನು ಮಿಕಿಮಿಕಿ ನೋಡುತ್ತಿದ್ದೆ.

ಇಂಥವರು ಶ್ರಾವಣ ಬಂತೆಂದು ಸೋಮವಾರ ಸೋಮವಾರ ನನ್ನನ್ನು ಮಣೆಯ ಮೇಲೆ ಕೂಡಿಸಿ, ಕೈ ಚಾಚಿಸಿ, ಚಂದ್ರಿಗೆ ವಿಭೂತಿ ಹಚ್ಚಿ, ಬಿಲ್ಪತ್ರಿ ಏರಿಸಿ, ಬೆಲ್ಲ ನೈವೇದ್ಯ ಮಾಡಿ ಅಡ್ಡಬೀಳುತ್ತಿದ್ದರು. ನಾನು ನಗು ತಡೆಯಲು ತುಟಿ ಕಚ್ಚಿ ಹಿಡಿದರೆ, “ಭಕ್ತಿಲೆ ನಡಗಾಕತ್ತಾಳ” ಎಂದು ಮೆಚ್ಚುವರು. ಒಳಗೊಳಗೆ ನನಗೆ ಹೆಮ್ಮೆಯೂ ಇತ್ತು. ಮೇಡ್ಲೇರಿಯ ಹೊಂಡದಲ್ಲಿ ಹೊರಳಾಡುವವಳಿಗೆ ಬ್ಯಾಡಗಿಯಲ್ಲಿ ಎಂಥ ಮರ್ಯಾದೆ!

ಕಡೆಯ ಸೋಮವಾರ ಅಪ್ಪ ಬೆಣ್ಣೆಯ ಗಡಿಗೆ ಹಿಡಿದುಕೊಂಡು ಬಂದ. ಆಗ ತಾನೇ ಪೂಜೆ ಮುಗಿದಿತ್ತು, ಬಿಲ್ಪತ್ರಿ ಇನ್ನೂ ಕೈ ಮೇಲಿತ್ತು. ತವರಿನಲ್ಲಿ ಎಲ್ಲ ಅರಾಮ ಅಲ್ಲವೇ ಎಂದು ನಾನು ಕೇಳಿದೆ. ಅಪ್ಪನಿಗೆ ತಡೆಯಲಾಗಲಿಲ್ಲ.

“ಎಲ್ಲಾ ಅರಾಮವ್ವಾ. ಚಂದ್ರಿ ಒಬ್ಬಾಕಿ ನೀ ಬಂದಾಗಿಂದ ಸರಿಯಾಗಿ ಹಿಂಡಗೊಡವಲ್ಲಳು. ನಿಮ್ಮವ್ವ ನೀ ಉಡತಿದ್ದ ಹಳೇ ಪರಕಾರ ತಲಿಮ್ಯಾಲ ಹೊತಗೊಂಡು ಮುಂದ ನಿಂತ್ರೂ ಮೂಸಿ ನೋಡಿ ಮಕಾ ತಿರುವತಾಳ. ಬಾಗಲಾ ನೋಡಕೋತ ನಿಂದರತಾಳ.”

ನನಗೆ ದುಃಖ ಒತ್ತರಿಸಿ ಬಂತು. ಮಣೆಯ ಮೇಲೆಯೇ ಗೊಳೋ ಎಂದು ಅತ್ತೆ. ಒಳಗಿದ್ದು ಹೆಸರಷ್ಟೇ ಕೇಳಿಸಿಕೊಂಡಿದ್ದ ಅತ್ತಿ ಗಾಬರಿಯಾಗಿ ಓಡಿ ಬಂದು ನನ್ನನ್ನು ಹಿಡಿದುಕೊಂಡು, “ಯಾರವಾ ಚಂದ್ರಿ? ನಿನ್ನ ತಂಗೇನ?” ಅಂದರು.

“ಇಕಿರೀ!” ಎಂದು ನಾನು ಕೈ ಚಾಚಿದೆ.

ಅಪ್ಪ ಬೆಣ್ಣೆಗಡಿಗೆಯೊಳಗೆ ಮುಖ ಹಾಕುವುದೊಂದು ಬಾಕಿ. ಅತ್ತಿ ಕೈ ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಕೈ ನೋಡಿದರು. “ಬೀಗರ, ಏನ್ರಿ ಇದು?”

“ಕೋಡು ಒಂದೀಟು ಹಿಂದಕ್ಕ ಸರದಾವ ಅಷ್ಟರಿ...”

“ಎಮ್ಮಿ!” ಅತ್ತಿ ಗೋಡೆಗೆ ಒರಗಿ ಕುಸಿದರು. “ಅಯ್ಯಯ್ಯೋ, ಶ್ರಾವಣ ತುಂಬಾ ಬಿಲ್ಪತ್ರಿ ಏರಿಸೇನಲ್ಲೋ! ಬೆಲ್ಲಾ ತಿನಿಸೇನಲ್ಲೋ! ಅವರನ್ನ ಬಾ ಬಾ ಅಂತ ನಾನ ಕರದಂಗಾತಲ್ಲೋ!” ಮಾವನವರು ಅಂಗಡಿಯಿಂದ ಓಡಿ ಬಂದು, ಯಾರನ್ನು ಕರೆದೆ ಎಂದು ಕೇಳಿದರು. ಅದನ್ನು ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ.

ಅವ್ವ ಅಂದಂತೆ ನನ್ನನ್ನೇನು ಹೊರಗೆ ಹಾಕಲಿಲ್ಲ. ಚಂದ್ರಿಯನ್ನು ಹೊರಗೆ ಹಾಕುವ ಹುನ್ನಾರ ನಡೆಯಿತು. ಮೆಣಸಿನಕಾಯಿ ಸುಗ್ಗಿಗೆ ದುರಗವ್ವ ಬ್ಯಾಡಗಿಗೆ ಬಂದದ್ದೇ ತಡ, ಅತ್ತಿ ಅವಳನ್ನು ಹಿಡಿದು ತರಿಸಿ, “ಇದಕ್ಕ ಡುಬ್ಬ ಹಾಕು, ಬಸವಣ್ಣನ ಮಾಡು” ಎಂದು ಅಪ್ಪಣೆ ಮಾಡಿದರು. ನಾನು ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಕಂಬ ಹಿಡಿದೆ. “ಬೇಕಾದ್ರ ಕೈ ಕಡಕೊಳ್ರಿ, ನನ್ನ ಚಂದ್ರಿಗೆ ಡುಬ್ಬ ಹಾಕಗೊಡೂದಿಲ್ಲ!” ನಮ್ಮವರು, ಅಂದರೆ ನನ್ನ ಗಂಡ, ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಮ್ಮೆ ಮೇಲೆ ಮಳೆ ಎಂಬ ಮಾತನ್ನು ಯಾರ ಸಲುವಾಗಿ ಕಟ್ಟಿರಬೇಕೆಂದು ನನಗೆ ಅಂದು ತಿಳಿಯಿತು.

ಅತ್ತಿ ನನ್ನ ಕೈ ಬಿಡಿಸಿ ತೊಡೆಯ ಮೇಲೆ ಒತ್ತಿ ಹಿಡಿದರು. ದುರಗವ್ವ ಸೂಜಿಯನ್ನು ಕಾಡಿಗೆಯಲ್ಲಿ ಅದ್ದಿದಳು. ಸೂಜಿ ಇನ್ನೇನು ತಾಗಬೇಕು, ಅತ್ತಿಯ ಹಿಡಿತವೇ ಸಡಿಲಾಯಿತು.

“ತಡಿ ತಡಿ. ಅವರ ವಾಹನಕ್ಕ ಸೂಜಿ ಚುಚ್ಚಿದ್ರ, ಅವರಿಗೆ ಸಿಟ್ಟು ಬರೂದಿಲ್ಲೇನ?”

ದುರಗವ್ವ ವಿಚಾರ ಮಾಡಿ, “ಬಂದ್ರೂ ಬರಬಹುದ್ರಿ ಎವ್ವಾ” ಅಂದಳು.

ಹಾಗೆ, ಯಾರ ಅಂಜಿಕೆಯಿಂದ ಚಂದ್ರಿಯನ್ನು ಅಳಿಸಲು ಹೊರಟಿದ್ದರೋ ಅವನ ಅಂಜಿಕೆಯಿಂದಲೇ ಚಂದ್ರಿ ಉಳಿದಳು. ಅಳಿಸಬಾರದು, ಕಾಣಲೂಬಾರದು. ಅದಕ್ಕೆ ಅತ್ತಿ ಸಿಂಪಿಗನನ್ನು ಕರೆಸಿ ಮುಂಗೈತನಕ ತೋಳಿನ ಕುಬಸ ಹೊಲಿಸಿದರು. ನಾನು ಅದನ್ನು ತೊಟ್ಟು ನೀರಿಗೆ ಹೋದರೆ ಓಣಿಯ ಹೆಂಗಸರು ಅದು ಹುಬ್ಬಳ್ಳಿಯ ಹೊಸ ಫ್ಯಾಶನ್ ಎಂದು ತಿಳಿದರು. ಮುಂದಿನ ಹಬ್ಬಕ್ಕೆ ಓಣಿಯ ತೋಳುಗಳೆಲ್ಲ ಉದ್ದವಾದವು. ಯುದ್ಧ ಬಂದು ಅರಿವೆಗೆ ಕಂಟ್ರೋಲ್ ಆದಾಗ ಎಲ್ಲರ ತೋಳೂ ಮತ್ತೆ ಗಿಡ್ಡಾದವು, ನನ್ನದೊಂದು ಬಿಟ್ಟು. ಅತ್ತಿ ತಮ್ಮ ಪಾಲಿನ ಅರಿವೆಯನ್ನು ನನ್ನ ತೋಳಿಗೆ ಕೊಟ್ಟು, ತಾವು ತೇಪೆ ಹಾಕಿದ ಕುಬಸ ತೊಟ್ಟರು.

ಆ ದಿನಗಳಲ್ಲೇ ಚಂದ್ರಿ ಹೋದಳು. ಸುದ್ದಿ ಬಂದಾಗ ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಬ್ಯಾಡಗಿಯಲ್ಲಿ ಅದೊಂದು ಅನುಕೂಲ, ಅಳುವುದಕ್ಕೆ ಕಾರಣ ಹೇಳಬೇಕಾಗುವುದಿಲ್ಲ. ಅತ್ತಿ ಮಾತ್ರ ನನ್ನ ಮುಖ ನೋಡಿ, “ಎಷ್ಟು ವಯಸ್ಸಾಗಿತ್ತ?” ಎಂದು ಕೇಳಿದರು. “ನನ್ನಷ್ಟರಿ” ಅಂದೆ. ಅವರು ನನ್ನ ಮುಂದಿನ ಮೊರವನ್ನು ತಮ್ಮ ಕಡೆ ಎಳೆದುಕೊಂಡರು.

ಯುದ್ಧ ಮುಗಿದ ಮೇಲೆ ಅತ್ತಿ ಹಾಸಿಗೆ ಹಿಡಿದರು. ಕಾಲು ಬಾತವು, ದನಿ ಇಳಿಯಿತು. ಹಿರಿಯರು ಯಾರೋ ಗೋದಾನ ಮಾಡಿಸಿರಿ ಅಂದರು. ಸತ್ತ ಮೇಲೆ ವೈತರಣಿ ಎಂಬ ಹೊಳೆ ಇದ್ದು, ದಾನ ಕೊಟ್ಟ ಆಕಳ ಬಾಲ ಹಿಡಿದು ಅದನ್ನು ದಾಟಬೇಕಂತೆ. ಮೋಟೆಬೆನ್ನೂರಿನಿಂದ ಒಂದು ಬಿಳಿ ಆಕಳು ತಂದರು. ಭಟ್ಟರು ಅದರ ಬಾಲವನ್ನು ಅತ್ತಿಯ ಕೈಗೆ ಕೊಟ್ಟರು. ಅತ್ತಿ ಬಾಲ ಹಿಡಿದು, ಆಕಳನ್ನು ಮೇಲಿನಿಂದ ಕೆಳಗಿನತನಕ ನೋಡಿ, “ಇದಕ್ಕ ಈಸು ಬರತೈತೇನ?” ಅಂದರು.

ಯಾರಿಗೂ ಗೊತ್ತಿರಲಿಲ್ಲ. ಮೋಟೆಬೆನ್ನೂರಿನ ಆಕಳು, ಬಾವಿಯ ಬಾನಿ ಬಿಟ್ಟರೆ ನೀರು ಕಂಡದ್ದಲ್ಲ. ಭಟ್ಟರು ಮಂತ್ರ ಮುಂದುವರಿಸಿದರು.

ಎಲ್ಲರೂ ಉಂಡು ಮಲಗಿದ ಮಧ್ಯಾಹ್ನ ಅತ್ತಿ ನನ್ನನ್ನು ಕೈಸನ್ನೆ ಮಾಡಿ ಕರೆದರು. “ಆ ತೋಳು ಮ್ಯಾಲ ಮಾಡು.”

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ಮುಂದೆ ತೋಳು ಮೇಲೆ ಸರಿಸಿದೆ. ಅತ್ತಿ ಬಹಳ ಹೊತ್ತು ನೋಡಿದರು.

“ಕೋಡಿಲೆ ಹಾಯ್ತಾಳೇನ?”

“ಇಲ್ರಿ ಅತ್ತಿ. ಯಾರಿಗೂ ಹಾದಾಕಿ ಅಲ್ಲ.”

“ನಿಮ್ಮ ಹೊಳ್ಯಾಗ ಈಸತಿದ್ದಳೇನ?”

“ದಿನಾ ಈಸತಿದ್ದಳ್ರಿ. ನಾನು ಬಾಲ ಹಿಡಕೊಂಡ ದಾಟೇನಿ. ಒಂದು ದಿನಾನೂ ಕೈ ಬಿಟ್ಟಿಲ್ಲ.”

ಅವರ ಬೆರಳು ನನ್ನ ಕೈ ಮೇಲೆ ಚಂದ್ರಿಯ ಬೆನ್ನುಗುಂಟ ಹಿಂದಕ್ಕೆ ಸರಿಯಿತು, ಹಿಂದಕ್ಕೆ ಹೋಗಿ ನಿಂತಿತು. “ಬಾಲ ಎಲ್ಲೈತವಾ?”

ಅವ್ವ ಬಂದದ್ದು, ನಾನು ಓಡಿದ್ದು, ದುರಗವ್ವ ಓಡಿದ್ದು, ಎಲ್ಲ ಹೇಳಿದೆ. ಅತ್ತಿ ನಗಲಿಲ್ಲ. ಕಣ್ಣಲ್ಲಿ ಅಂಜಿಕೆ ಮತ್ತೆ ತುಂಬಿಕೊಂಡಿತು. “ಮತ್ತ ಏನ ಹಿಡಕೊಳ್ಳಲಿ?” ಅಂದರು. ಹುಲಿಯಂಥ ಹೆಂಗಸು ಹಾಗೆ ಕೇಳಿದ್ದು ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಕಾಡಿಗೆಯ ಡಬ್ಬಿ ತಂದೆ. ಅವರ ಕಣ್ಣೆದುರಿಗೇ ನನ್ನ ಕೈ ಮೇಲೆ ಬಾಲ ಬರೆದೆ. ಉದ್ದಕ್ಕೆ ಬರೆದೆ, ಮಣಿಕಟ್ಟಿನತನಕ, ತುದಿಗೆ ಕೂದಲಿನ ಕುಚ್ಚು ಸಹಿತ.

ಅತ್ತಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಯೇ, “ಹೆಸರೇನಂದಿ?” ಎಂದು ಕೇಳಿದರು.

“ಚಂದ್ರೀರಿ.”

“ಚಂದ್ರವ್ವಾ,” ಅಂದರು ಅತ್ತಿ, “ಸಾವಕಾಶ ನಡಿ ತಾಯಿ.”

ಆ ಸಂಜೆ ದೀಪ ಹಚ್ಚುವ ಮೊದಲೇ ಹೋದರು. ಮೈ ತೊಳೆಯಲು ಬಂದ ಓಣಿಯ ಹೆಂಗಸರು ಬಂಗಾರ ಬಿಚ್ಚಿದರು, ಸೀರೆ ಬಿಚ್ಚಿದರು. ಒಬ್ಬಾಕೆ ಅತ್ತಿಯ ಬಲಗೈ ಎತ್ತಿ, “ಅಯ್ಯ, ಬೆರಳಿಗೆಲ್ಲಾ ಕಾಡಿಗಿ ಹತ್ತೇತಿ” ಎಂದು ಸೀಗೆಪುಡಿ ಹಚ್ಚಿ ತಿಕ್ಕಲು ಹೋದಳು. ನಾನು ಅವಳ ಕೈ ಹಿಡಿದೆ.

“ಇರ್ಲಿ ಬಿಡವ್ವಾ,” ಅಂದೆ. “ಹೊಳಿ ದಾಟೂತನಕ ಬೇಕಾಗತೈತಿ.”